ಹಳೆಯ ಯೆಜ್ಡಿಗೆ ಪ್ಲಗ್ ಆಯ್ಕೆ ಮತ್ತು ಗ್ಯಾಪ್ ಹೊಂದಿಕೆ: ಒಂದು ರಿಪೇರಿಯ ದಾಖಲೆ

ಕೆಲಸಕ್ಕೆ ಎತ್ತಿಕೊಂಡ ಗಾಡಿ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ತಯಾರಾದ 250 ಸಿಸಿಯ ಯೆಜ್ಡಿ, ಟೂ ಸ್ಟ್ರೋಕ್ ಎಂಜಿನ್ನಿನ ಬೈಕ್. 65 ಮಿ.ಮೀ. ಬೋರ್, 75 ಮಿ.ಮೀ. ಸ್ಟ್ರೋಕ್, ಒಂದು ಸಿಲಿಂಡರ್, ಎರಡು ಸೈಲೆನ್ಸರ್, 6 ವೋಲ್ಟ್ ಬ್ಯಾಟರಿ ಮತ್ತು ಡೈನಮೊ, ಪಾಯಿಂಟ್ ಇಗ್ನಿಷನ್ (ತೆರೆದು ಮುಚ್ಚುವ ಲೋಹದ ಸಂಪರ್ಕದಿಂದ ಕಿಡಿ ಹುಟ್ಟಿಸುವ ಏರ್ಪಾಡು). ಕಾರ್ಖಾನೆ 1996ರಲ್ಲೇ ಮುಚ್ಚಿದರೂ ಚಿಕ್ಕಮಗಳೂರಿನ ಸುತ್ತಮುತ್ತ ಈ ಗಾಡಿಗಳನ್ನು ಜತನದಿಂದ ಇಟ್ಟುಕೊಂಡವರು ಇನ್ನೂ ಇದ್ದಾರೆ. ನನ್ನ ಗಾಡಿಯಲ್ಲಿ ಎರಡು ತೊಂದರೆಗಳಿದ್ದವು. ಐ.ಜಿ. ರಸ್ತೆ, ಎಂ.ಜಿ. ರಸ್ತೆಗಳಲ್ಲಿ ನಿಧಾನವಾಗಿ ಓಡಾಡಿದ ಮೇಲೆ ಪ್ಲಗ್, ಅಂದರೆ ಸಿಲಿಂಡರಿನೊಳಗೆ ಕಿಡಿ ಹಾರಿಸುವ ಸ್ಪಾರ್ಕ್ ಪ್ಲಗ್, ಮಸಿ ಹಿಡಿದು ಶಾರ್ಟ್ ಆಗುತ್ತಿತ್ತು. ಕೈಮರ ದಾಟಿ ಮುಳ್ಳಯ್ಯನಗಿರಿಯ ಏರು ಹತ್ತುವಾಗ ಎಕ್ಸಲೇಟರ್ ಪೂರ್ತಿ ತಿರುವಿದರೆ ಮಿಸ್ಸಿಂಗ್ ಹೊಡೆಯುತ್ತಿತ್ತು, ಅಂದರೆ ನಡುನಡುವೆ ಕಿಡಿ ತಪ್ಪುತ್ತಿತ್ತು. ಎರಡಕ್ಕೂ ಒಂದೇ ಮದ್ದೆಂದು ಹೊಸ ಪ್ಲಗ್ ಹಾಕಿಬಿಡುವುದು ಸಾಮಾನ್ಯ ರೂಢಿ. ಆದರೆ ಮೊದಲನೆಯದು ಪ್ಲಗ್ಗಿನ ಶಾಖದ ದರ್ಜೆ ಮತ್ತು ಪೆಟ್ರೋಲ್ ಮಿಶ್ರಣಕ್ಕೆ ಸಂಬಂಧಿಸಿದ ದೋಷ, ಎರಡನೆಯದು ಗ್ಯಾಪಿಗೂ (ಪ್ಲಗ್ಗಿನ ತುದಿಯಲ್ಲಿ ಕಿಡಿ ಹಾರುವ ಸಂದಿ) ಕರೆಂಟಿನ ಬಲಕ್ಕೂ ಸಂಬಂಧಿಸಿದ ದೋಷ. ಇವೆರಡನ್ನೂ ಬೇರೆಬೇರೆಯಾಗಿ ಬಿಡಿಸಿಕೊಳ್ಳದೆ ಹೋದರೆ ಎಷ್ಟು ಪ್ಲಗ್ ಬದಲಾಯಿಸಿದರೂ ಗುಣ ಕಾಣುವುದಿಲ್ಲ ಎಂಬುದು ಈ ಕೆಲಸದಿಂದ ನನಗೆ ಖಚಿತವಾಯಿತು.

ಬಿಚ್ಚಿದ ಪ್ಲಗ್ಗನ್ನು ಒರೆಸದೆ ಬಿಸಿಲಿಗೆ ಹಿಡಿದು ಭೂತಗನ್ನಡಿಯಲ್ಲಿ ನೋಡಿದೆ. ಥ್ರೆಡ್ಡಿನ ತುದಿಯ ಉಕ್ಕಿನ ಬಳೆಯ ಮೇಲೆ ಬೆರಳಿಗೆ ಅಂಟುವ ಹಸಿ ಕಪ್ಪು ಮಸಿ ಇತ್ತು. ಒಳಗಿನ ಪಿಂಗಾಣಿಯ ತುದಿ ಮಾತ್ರ ಬೂದುಬಿಳಿ ಬಣ್ಣಕ್ಕೆ ತಿರುಗಿತ್ತು, ಅದರ ಬುಡದಲ್ಲಿ ಎಣ್ಣೆಯ ಕಪ್ಪು ಉಂಗುರ ಕಟ್ಟಿಕೊಂಡಿತ್ತು. ನಡುವಿನ ಎಲೆಕ್ಟ್ರೋಡಿನ ಅಂಚುಗಳು ಸವೆದು ದುಂಡಗಾಗಿದ್ದವು, ಅದಕ್ಕೆ ಎದುರಾದ ಬಾಗಿದ ಪಟ್ಟಿಯಲ್ಲಿ ಒಂದು ಸಣ್ಣ ಗುಳಿ ಬಿದ್ದಿತ್ತು. ಬಳೆ ಕಪ್ಪು, ಮೂತಿ ಬಿಳಿ ಎಂಬ ಈ ಜೋಡಿ ಬಹಳ ಮುಖ್ಯವಾದ ಸುಳಿವು. ಬಳೆ ಹೆಡ್ಡಿಗೆ (ಸಿಲಿಂಡರಿನ ಮೇಲಿನ ಮುಚ್ಚಳ) ತಾಗಿಕೊಂಡು ತಂಪಾಗಿರುವುದರಿಂದ ಮಿಶ್ರಣ ಹೇಗಿದೆ ಎಂಬುದನ್ನು ಅದು ಹೇಳುತ್ತದೆ. ಪಿಂಗಾಣಿಯ ಮೂತಿ ಪ್ಲಗ್ಗಿನ ಶಾಖವನ್ನು ಹೇಳುತ್ತದೆ. ಇಲ್ಲಿ ಪೆಟ್ರೋಲ್ ಹೆಚ್ಚಾಗಿ ಬರುತ್ತಿತ್ತು, ಜೊತೆಗೆ ಪ್ಲಗ್ ಅಗತ್ಯಕ್ಕಿಂತ ಬಿಸಿಯ ದರ್ಜೆಯದಾಗಿತ್ತು.

ಆ ಪ್ಲಗ್ಗಿನ ಮೇಲಿನ ಸಂಕೇತವನ್ನು ಕೋಷ್ಟಕದಲ್ಲಿ ಹುಡುಕಿದಾಗ ಅದು ಎನ್‌ಜಿಕೆ ಎಂಬ ಪ್ಲಗ್ ಕಂಪನಿಯ ಲೆಕ್ಕದ 5ಕ್ಕೆ ಸಮನಾದದ್ದು, ಒಳಗೆ ರೆಸಿಸ್ಟರ್ (ಕರೆಂಟಿಗೆ ತಡೆಯೊಡ್ಡುವ ಭಾಗ) ಇರುವಂಥದ್ದು ಎಂದು ತಿಳಿಯಿತು. ಮಸಿ ಹಿಡಿಯುತ್ತದೆಂದು ಯಾರೋ ಒಬ್ಬರು ಹಿಂದೆ ಬಿಸಿ ಪ್ಲಗ್ ಹಾಕಿಸಿರಬೇಕು. ಈ ಉಪಾಯ ನಮ್ಮ ಭಾಗದಲ್ಲಿ ಬಹಳ ಚಾಲ್ತಿಯಲ್ಲಿದೆ. ಅದರಿಂದ ತಾತ್ಕಾಲಿಕವಾಗಿ ಗುಣ ಕಾಣುವುದೂ ನಿಜ, ಏಕೆಂದರೆ ಬಿಸಿ ಪ್ಲಗ್ ತನ್ನ ಮೂತಿಯ ಮಸಿಯನ್ನು ತಾನೇ ಸುಟ್ಟುಕೊಳ್ಳುತ್ತದೆ. ಆದರೆ ಮಿಶ್ರಣದ ದೋಷ ಹಾಗೆಯೇ ಉಳಿಯುತ್ತದೆ. ಉದ್ದನೆಯ ಏರಿನಲ್ಲಿ ಎಂಜಿನ್ ಪೂರ್ತಿ ಭಾರ ಹೊತ್ತಾಗ ಅದೇ ಮೂತಿ ಕೆಂಡವಾಗಿ ಕಿಡಿ ಬೀಳುವ ಮೊದಲೇ ಪೆಟ್ರೋಲಿಗೆ ಬೆಂಕಿ ಹೊತ್ತಿಸಬಲ್ಲದು, ಹಾಗಾದರೆ ಪಿಸ್ಟನ್ನಿನ ತಲೆ ತೂತು ಬೀಳುವವರೆಗೂ ಹೋಗಬಹುದು. ಮಸಿ ಹಿಡಿದ ಪ್ಲಗ್ ರಸ್ತೆಯಲ್ಲಿ ನಿಲ್ಲಿಸುತ್ತದೆ, ಅತಿ ಬಿಸಿಯ ಪ್ಲಗ್ ಎಂಜಿನ್ನನ್ನೇ ಕೆಡಿಸುತ್ತದೆ. ಅನುಮಾನವಿದ್ದಾಗ ತಂಪಿನ ಕಡೆಗೇ ವಾಲುವುದು ಕ್ಷೇಮ ಎಂದು ನಾನು ನಂಬಿದ್ದೇನೆ.

ಶಾಖದ ದರ್ಜೆ ಎಂದರೆ ಪ್ಲಗ್ ತನ್ನ ಮೂತಿಗೆ ಬಂದ ಶಾಖವನ್ನು ಹೆಡ್ಡಿಗೆ ಎಷ್ಟು ಬೇಗ ದಾಟಿಸುತ್ತದೆ ಎಂಬುದು. ಪಿಂಗಾಣಿಯ ಮೂತಿ ಉದ್ದವಾಗಿದ್ದರೆ ಶಾಖ ದಾಟುವ ದಾರಿ ದೂರವಾಗಿ ಪ್ಲಗ್ ಬಿಸಿಯಾಗಿಯೇ ಉಳಿಯುತ್ತದೆ, ಗಿಡ್ಡವಾಗಿದ್ದರೆ ಬೇಗ ತಣಿಯುತ್ತದೆ. ಮೂತಿ ಸುಮಾರು 450ರಿಂದ 500 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಮಾತ್ರ ಮಸಿ ಸುಟ್ಟುಹೋಗುತ್ತದೆ. 850 ಡಿಗ್ರಿಯ ಮೇಲೆ ಹೋದರೆ ಅಪಾಯದ ವಲಯ ಆರಂಭವಾಗುತ್ತದೆ. ಒಂದು ದರ್ಜೆ ಆಚೀಚೆಯಾದರೆ ಮೂತಿಯ ಶಾಖದಲ್ಲಿ ಸುಮಾರು 70ರಿಂದ 100 ಡಿಗ್ರಿ ವ್ಯತ್ಯಾಸವಾಗುತ್ತದೆ. ಹಾಗಾಗಿ 5ರಿಂದ 7ಕ್ಕೆ ಹೋಗುವುದು ಸಣ್ಣ ಬದಲಾವಣೆಯಲ್ಲ.

ಸಂಕೇತಗಳ ಬಗ್ಗೆ ಸ್ವಲ್ಪ ವಿವರವಾಗಿ ಬರೆಯುತ್ತೇನೆ, ಏಕೆಂದರೆ ಅಂಗಡಿಯ ಗಲ್ಲಾಪೆಟ್ಟಿಗೆಯ ಮುಂದೆ ನಿಂತಾಗ ಗೊಂದಲವಾಗುವುದು ಇಲ್ಲಿಯೇ. ಎನ್‌ಜಿಕೆಯ ಬಿ7ಎಚ್‌ಎಸ್ ಎಂಬುದರಲ್ಲಿ ಬಿ ಎಂದರೆ 14 ಮಿ.ಮೀ. ಥ್ರೆಡ್ ಮತ್ತು 20.8 ಮಿ.ಮೀ. ಷಟ್ಕೋನ, 7 ಎಂದರೆ ಶಾಖದ ದರ್ಜೆ, ಎಚ್ ಎಂದರೆ 12.7 ಮಿ.ಮೀ. ಥ್ರೆಡ್ ಉದ್ದ. ಎಚ್ ಇರುವ ಜಾಗದಲ್ಲಿ ಇ ಇದ್ದರೆ ಉದ್ದ 19 ಮಿ.ಮೀ. ಬಿ ನಂತರ ಪಿ ಬಂದರೆ ಪಿಂಗಾಣಿಯ ಮೂತಿ ಹೊರಚಾಚಿಕೊಂಡಿದೆ ಎಂದರ್ಥ, ಆರ್ ಬಂದರೆ ಒಳಗೆ ರೆಸಿಸ್ಟರ್ ಇದೆ ಎಂದರ್ಥ. ಎನ್‌ಜಿಕೆಯಲ್ಲಿ ಅಂಕಿ ಏರಿದಷ್ಟೂ ಪ್ಲಗ್ ತಂಪು. ಬಾಷ್ ಮತ್ತು ಚಾಂಪಿಯನ್ ಕಂಪನಿಗಳಲ್ಲಿ ಇದು ತಿರುವುಮುರುವು. ಅಲ್ಲಿ ಅಂಕಿ ಏರಿದಷ್ಟೂ ಪ್ಲಗ್ ಬಿಸಿ. ಬಾಷ್‌ನ ಡಬ್ಲ್ಯು5ಎಸಿ ಎಂಬುದು ಹೆಚ್ಚುಕಡಿಮೆ ಬಿ7ಎಚ್‌ಎಸ್‌ಗೆ ಸಮ.

ಹಳೆಯ ದಾಸ್ತಾನಿರುವ ಅಂಗಡಿಗಳಲ್ಲಿ ಇನ್ನೊಂದು ತೊಡಕಿದೆ. ಬೆಂಗಳೂರಿನ ಮೈಕೋ, ಅಂದರೆ 1951ರಲ್ಲಿ ಆರಂಭವಾಗಿ 2008ರಲ್ಲಿ ಬಾಷ್ ಲಿಮಿಟೆಡ್ ಎಂದು ಹೆಸರು ಬದಲಿಸಿಕೊಂಡ ಕಂಪನಿ, ತಯಾರಿಸುತ್ತಿದ್ದ ಹಳೆಯ ಪ್ಲಗ್ಗುಗಳ ಮೇಲೆ ಡಬ್ಲ್ಯು175, ಡಬ್ಲ್ಯು225 ಎಂಬ ಮೂರಂಕಿಯ ಗುರುತುಗಳಿರುತ್ತವೆ. ಆ ಹಳೆಯ ಪದ್ಧತಿಯಲ್ಲಿ ಅಂಕಿ ಏರಿದಷ್ಟೂ ಪ್ಲಗ್ ತಂಪು. ಹೊಸ ಪದ್ಧತಿಯಲ್ಲಿ 175 ಎಂಬುದು 7 ಆಗಿದೆ, 225 ಎಂಬುದು 5 ಆಗಿದೆ. ಒಂದೇ ಕಂಪನಿಯ ಎರಡು ಕಾಲದ ಪ್ಲಗ್ಗುಗಳಲ್ಲಿ ಅಂಕಿಯ ಅರ್ಥವೇ ತಲೆಕೆಳಗಾಗಿರುವುದರಿಂದ, ಮನೆಯ ಡಬ್ಬದಲ್ಲಿ ಉಳಿದಿರುವ ಹಳೆಯ ಮೈಕೋ ಪ್ಲಗ್ ಬಳಸುವವರು ಕೋಷ್ಟಕ ನೋಡಿಯೇ ಬಳಸಬೇಕು.

ಶಾಖಕ್ಕಿಂತ ಮೊದಲು ಗಮನಿಸಬೇಕಾದದ್ದು ಥ್ರೆಡ್ಡಿನ ಉದ್ದ. ಈ ಗಾಡಿಯ ಅಲ್ಯೂಮಿನಿಯಂ ಹೆಡ್ಡಿಗೆ ಬೇಕಾದದ್ದು 12.7 ಮಿ.ಮೀ. ಉದ್ದದ ಪ್ಲಗ್. 19 ಮಿ.ಮೀ. ಉದ್ದದ್ದನ್ನು ಹಾಕಿದರೆ ಥ್ರೆಡ್ ದಹನಕೋಣೆಯೊಳಕ್ಕೆ ಚಾಚಿಕೊಂಡು ಪಿಸ್ಟನ್ನಿಗೆ ತಗಲುವ ಸಂಭವವಿದೆ. ನಮ್ಮ ಕಾಫಿ ಸೀಮೆಯಲ್ಲಿ ಇದರ ವಿರುದ್ಧದ ಅಪಾಯವೂ ಇದೆ. ತೋಟದಲ್ಲಿ ಕಳೆ ಹೊಡೆಯುವ ಯಂತ್ರಗಳಿಗೆ ಬರುವ ಬಿಪಿಎಂಆರ್7ಎ ತರಹದ ಪ್ಲಗ್ಗುಗಳು ಎಲ್ಲ ಮನೆಗಳಲ್ಲೂ ಬಿದ್ದಿರುತ್ತವೆ. ಅವುಗಳ ಥ್ರೆಡ್ಡೂ 14 ಮಿ.ಮೀ. ಆದ್ದರಿಂದ ಯೆಜ್ಡಿಗೆ ಸಲೀಸಾಗಿ ಕೂರುತ್ತವೆ, ಗಾಡಿ ಸ್ಟಾರ್ಟ್ ಕೂಡ ಆಗುತ್ತದೆ. ಆದರೆ ಅವುಗಳ ಉದ್ದ 9.5 ಮಿ.ಮೀ. ಮಾತ್ರ. ಕಿಡಿ ಹೆಡ್ಡಿನ ರಂಧ್ರದೊಳಗೇ ಉಳಿಯುತ್ತದೆ, ತುದಿಯ ಖಾಲಿ ಥ್ರೆಡ್ಡುಗಳಲ್ಲಿ ಇಂಗಾಲ ಗಟ್ಟಿಯಾಗಿ ಕಟ್ಟಿಕೊಳ್ಳುತ್ತದೆ, ಮುಂದೆ ಸರಿಯಾದ ಪ್ಲಗ್ ಹಾಕಲು ಹೋದಾಗ ಅದು ಸಿಕ್ಕಿಕೊಂಡು ಹೆಡ್ಡಿನ ಥ್ರೆಡ್ಡನ್ನೇ ಕಿತ್ತುಕೊಂಡು ಬರುತ್ತದೆ. ಪಾನಾ ಹಾಕುವಾಗಲೇ ಇದು ಪತ್ತೆಯಾಗುತ್ತದೆ: ಕಳೆಯಂತ್ರದ ಪ್ಲಗ್ಗಿನ ಷಟ್ಕೋನ 19 ಮಿ.ಮೀ., ಯೆಜ್ಡಿಯದು 20.8.

ಹೊಸ ಪ್ಲಗ್ಗಿಗೆ ಹೋಗುವ ಮೊದಲು ಮಿಶ್ರಣವನ್ನು ಸರಿಪಡಿಸಬೇಕಿತ್ತು. ಚಿಕ್ಕಮಗಳೂರು ಪೇಟೆಯೇ ಸಮುದ್ರಮಟ್ಟದಿಂದ ಸಾವಿರ ಮೀಟರಿಗೂ ಮೇಲಿದೆ. ಇಲ್ಲಿ ಗಾಳಿಯ ಸಾಂದ್ರತೆ ಕರಾವಳಿಗಿಂತ ಸುಮಾರು ಹತ್ತನೇ ಒಂದು ಪಾಲು ಕಡಿಮೆ, 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿಯಲ್ಲಿ ಸುಮಾರು ಆರನೇ ಒಂದು ಪಾಲು ಕಡಿಮೆ. ಗಾಳಿಗೆ ಪೆಟ್ರೋಲ್ ಬೆರೆಸುವ ಕಾರ್ಬ್ಯುರೇಟರ್ ಗಾಳಿಯ ತೂಕವನ್ನು ಅಳೆಯಲಾರದು, ಅದು ಪೆಟ್ರೋಲನ್ನು ಮೊದಲಿನ ಅಂದಾಜಿನಲ್ಲೇ ಬಿಡುತ್ತದೆ. ಬಯಲುಸೀಮೆಯಲ್ಲಿ ಸರಿಯಾಗಿದ್ದ ಹೊಂದಿಕೆ ಇಲ್ಲಿ ಪೆಟ್ರೋಲ್ ಹೆಚ್ಚಾಗಿ ಕಾಣುವುದು ಇದೇ ಕಾರಣಕ್ಕೆ. ಗಾಳಿಯ ಫಿಲ್ಟರನ್ನು ತೊಳೆದು ಒಣಗಿಸಿ, ಕಾರ್ಬ್ಯುರೇಟರಿನ ಫ್ಲೋಟಿನ ಮಟ್ಟ ನೋಡಿ, ಪೆಟ್ರೋಲಿನ ಹರಿವನ್ನು ನಿಯಂತ್ರಿಸುವ ಸೂಜಿಯ ಕ್ಲಿಪ್ಪನ್ನು ಒಂದು ಗೆರೆ ಮೇಲಕ್ಕೆ ಹಾಕಿ ಸೂಜಿಯನ್ನು ಕೆಳಗಿಳಿಸಿದೆ. ಟೂ ಸ್ಟ್ರೋಕ್ ಗಾಡಿಯಲ್ಲಿ ಪೆಟ್ರೋಲಿಗೇ ಬೆರೆಸುವ ಎಣ್ಣೆಯನ್ನು ಪೆಟ್ರೋಲ್ ಬಂಕಿನಲ್ಲಿ ಅಂದಾಜಿನಿಂದ ಸುರಿಯುವುದನ್ನು ನಿಲ್ಲಿಸಿ, ಲೀಟರಿಗೆ 40 ಎಂ.ಎಲ್.ನಂತೆ ಅಳತೆಯ ಲೋಟದಲ್ಲಿ ಹಾಕತೊಡಗಿದೆ.

ಇಷ್ಟಾದ ಮೇಲೆ 6ರ ಮತ್ತು 7ರ ದರ್ಜೆಯ ಪ್ಲಗ್ಗುಗಳನ್ನು ಒಂದರ ನಂತರ ಒಂದು ಹಾಕಿ ನೋಡಿದೆ. ಪ್ಲಗ್ ಓದಲು ಒಂದು ಕ್ರಮವಿದೆ. ಸಪಾಟಾದ ರಸ್ತೆಯಲ್ಲಿ, ನಾನು ಆರಿಸಿಕೊಂಡದ್ದು ಸಖರಾಯಪಟ್ಟಣದ ಕಡೆಗೆ ಹೋಗುವ ಕಡೂರು ರಸ್ತೆಯ ನೇರವಾದ ಭಾಗ, ಎಂಜಿನ್ ಚೆನ್ನಾಗಿ ಕಾದ ನಂತರ ಸ್ವಲ್ಪ ದೂರ ಹೆಚ್ಚು ಎಕ್ಸಲೇಟರಿನಲ್ಲಿ ಓಡಿಸಿ, ಕ್ಲಚ್ ಹಿಡಿದು ಅದೇ ಕ್ಷಣ ಕೀಲಿ ಆರಿಸಿ, ಗಾಡಿಯನ್ನು ಹಾಗೇ ಉರುಳಲು ಬಿಟ್ಟು ಬದಿಗೆ ನಿಲ್ಲಿಸಿ ಪ್ಲಗ್ ಬಿಚ್ಚಬೇಕು. ಎಂಜಿನ್ ಐಡ್ಲಿಂಗಿನಲ್ಲಿ ಒಂದು ನಿಮಿಷ ಓಡಿದರೂ ಆ ಮಸಿ ಮೇಲೆ ಕೂತು ಓದು ಸುಳ್ಳಾಗುತ್ತದೆ. ಹಿಂದೆ ಮುಂದೆ ವಾಹನ ಇಲ್ಲದಾಗ ಮಾತ್ರ ಮಾಡಬೇಕಾದ ಕೆಲಸವಿದು. 6ರ ಪ್ಲಗ್ಗಿನ ಮೂತಿ ಬಯಲಿನಲ್ಲಿ ಚೆನ್ನಾಗಿಯೇ ಇತ್ತು, ಆದರೆ ಕೈಮರದ ಏರಿನ ನಂತರ ತೆಗೆದಾಗ ಬಿಳಿಚಿಕೊಂಡಿತ್ತು. 7ರದ್ದು ಏರಿನಲ್ಲಿ ತಿಳಿಗಂದು ಬಣ್ಣಕ್ಕೆ ಬಂತು, ಪೇಟೆಯ ಓಡಾಟದಲ್ಲಿ ಸ್ವಲ್ಪ ಕಪ್ಪಾದರೂ ಒಣಗಿಯೇ ಇತ್ತು. 7ರಲ್ಲೇ ನಿಂತೆ. ದಿನವೂ ಪೇಟೆಯೊಳಗೆ ಮಾತ್ರ ಓಡಿಸುವವರಾಗಿದ್ದರೆ 6 ಹಾಕಿಕೊಳ್ಳುವುದರಲ್ಲಿ ತಪ್ಪಿಲ್ಲ.

ಬಣ್ಣದ ಬಗ್ಗೆ ಒಂದು ಮಾತು ಸೇರಿಸಬೇಕು. ಹಳೆಯ ಕೈಪಿಡಿಗಳು ಹೇಳುವ ಕಾಫಿ ಕಂದು ಬಣ್ಣ ಬಹುಮಟ್ಟಿಗೆ ಸೀಸ ಬೆರೆಸಿದ ಪೆಟ್ರೋಲಿನ ಕಾಲದ್ದು. ನಮ್ಮ ದೇಶದಲ್ಲಿ 2000ದ ಫೆಬ್ರವರಿಯಿಂದ ಸೀಸರಹಿತ ಪೆಟ್ರೋಲ್ ಮಾತ್ರ ಸಿಗುತ್ತಿದೆ, ಈಗ ಅದರಲ್ಲಿ ಎಥೆನಾಲ್ ಕೂಡ ಬೆರೆತಿರುತ್ತದೆ. ಎಥೆನಾಲಿನಲ್ಲಿ ಆಮ್ಲಜನಕ ಇರುವುದರಿಂದ ಮಿಶ್ರಣ ಸ್ವಲ್ಪ ತೆಳುವಾಗುತ್ತದೆ. ಆದ್ದರಿಂದ ಇಂದಿನ ಪ್ಲಗ್ ಹಿಂದಿನಷ್ಟು ಗಾಢ ಬಣ್ಣ ತೋರಿಸುವುದಿಲ್ಲ. ಮೂತಿಯ ತುದಿಗಿಂತ ಅದರ ಬುಡದ ಉಂಗುರವನ್ನು ನೋಡಿ ನಿರ್ಧರಿಸುವುದು ಹೆಚ್ಚು ವಿಶ್ವಾಸಾರ್ಹ.

ಖರೀದಿಯ ವಿಷಯದಲ್ಲಿ ನಕಲಿ ಪ್ಲಗ್ಗುಗಳ ಕಾಟ ನಿಜವಾದದ್ದು. ಅಸಲಿಯಲ್ಲಿ ವಾಷರ್ ಥ್ರೆಡ್ಡಿನಿಂದ ಸುಲಭವಾಗಿ ಕಳಚಿ ಬರುವುದಿಲ್ಲ, ಥ್ರೆಡ್ಡುಗಳು ನಯವಾಗಿರುತ್ತವೆ, ಬಾಗಿದ ಪಟ್ಟಿ ನಡುವಿನ ಎಲೆಕ್ಟ್ರೋಡಿನ ನೆತ್ತಿಗೆ ನೇರವಾಗಿರುತ್ತದೆ. ನಾನು ಅಂಗಡಿಯಲ್ಲೇ ಡಬ್ಬ ಬಿಚ್ಚಿ ಇವಿಷ್ಟನ್ನು ನೋಡಿ, ಮನೆಯಲ್ಲಿ ಮಲ್ಟಿಮೀಟರ್ ಹಿಡಿದು ತಲೆಯಿಂದ ತುದಿಗೆ ರೆಸಿಸ್ಟೆನ್ಸ್ ಅಳೆದೆ. ರೆಸಿಸ್ಟರ್ ಇಲ್ಲದ ಬಿ7ಎಚ್‌ಎಸ್‌ನಲ್ಲಿ ಅದು ಸೊನ್ನೆಗೆ ಹತ್ತಿರ ಬರಬೇಕು, ಬಂತು. ನನ್ನ ಗಾಡಿಯ ಪ್ಲಗ್ ಕ್ಯಾಪಿನಲ್ಲೇ 5 ಕಿಲೋಓಮ್ ರೆಸಿಸ್ಟರ್ ಇರುವುದರಿಂದ ಪ್ಲಗ್ಗಿನಲ್ಲಿ ಇನ್ನೊಂದು ಬೇಕಿಲ್ಲ. 6 ವೋಲ್ಟಿನ ಈ ವ್ಯವಸ್ಥೆಗೆ ಎರಡೆರಡು ರೆಸಿಸ್ಟರ್ ಹೊರಿಸುವುದು ಅನಗತ್ಯ ಹೊರೆ.

ಈಗ ಗ್ಯಾಪ್. ಡಬ್ಬದಿಂದ ತೆಗೆದ ಹೊಸ ಪ್ಲಗ್ಗನ್ನು ಅಳೆದಾಗ 0.7 ಮಿ.ಮೀ. ಇತ್ತು. ಹೊಸ ಪ್ಲಗ್ಗಿನ ಗ್ಯಾಪ್ ಸರಿಯಾಗಿಯೇ ಬರುತ್ತದೆ, ಮುಟ್ಟಬೇಡಿ ಎಂದು ಹೇಳುವವರಿದ್ದಾರೆ. ಆದರೆ ಒಂದೇ ಪ್ಲಗ್ ಹತ್ತಾರು ಬಗೆಯ ಎಂಜಿನ್ನುಗಳಿಗೆ ಹೋಗುತ್ತದೆ, ಅದಕ್ಕೆ ನಮ್ಮ ಕಾಯಿಲಿನ (ಬ್ಯಾಟರಿಯ ವೋಲ್ಟೇಜನ್ನು ಕಿಡಿಗೆ ಬೇಕಾದಷ್ಟು ಏರಿಸುವ ಸುರುಳಿ) ಬಲ ಗೊತ್ತಿಲ್ಲ. ಗ್ಯಾಪ್ ದೊಡ್ಡದಾದಷ್ಟೂ, ಸಿಲಿಂಡರಿನೊಳಗಿನ ಒತ್ತಡ ಹೆಚ್ಚಾದಷ್ಟೂ, ಕಿಡಿ ಹಾರಲು ಹೆಚ್ಚಿನ ವೋಲ್ಟೇಜ್ ಬೇಕು. ಏರಿನಲ್ಲಿ ಎಕ್ಸಲೇಟರ್ ಪೂರ್ತಿ ತಿರುವಿದಾಗ ಸಿಲಿಂಡರ್ ತುಂಬಿ ಒತ್ತಡ ಗರಿಷ್ಠಕ್ಕೆ ಏರುತ್ತದೆ. 6 ವೋಲ್ಟಿನ ಕಾಯಿಲ್ ಮತ್ತು ಹಳೆಯ ಪಾಯಿಂಟ್ ಅಷ್ಟು ವೋಲ್ಟೇಜ್ ಕೊಡಲಾರದೆ ಹೋದಾಗ ಕಿಡಿ ತಪ್ಪುತ್ತದೆ. ಹೊರಗೆ ಹೆಡ್ಡಿಗೆ ತಾಗಿಸಿ ಕಿಕ್ ಹೊಡೆದರೆ ಚಟಚಟನೆ ಕಿಡಿ ಕಾಣುವ ಪ್ಲಗ್ಗೇ ಒಳಗೆ ಮಿಸ್ಸಿಂಗ್ ಹೊಡೆಯುವುದು ಇದರಿಂದಲೇ. ಹೊರಗಿನ ಗಾಳಿಯಲ್ಲಿ ಅಷ್ಟು ಒತ್ತಡವಿಲ್ಲ, ಆ ಪರೀಕ್ಷೆ ಅರ್ಧ ಮಾತ್ರ ಹೇಳುತ್ತದೆ.

ಅಳೆಯುವ ಸಾಧನದ ಬಗ್ಗೆ ಹೇಳಲೇಬೇಕು. ನಮ್ಮ ಕಡೆಯ ಗ್ಯಾರೇಜುಗಳಲ್ಲಿ ಆಕ್ಸಾ ಬ್ಲೇಡ್ (ಕಬ್ಬಿಣ ಕೊಯ್ಯುವ ಗರಗಸದ ಅಲಗು) ತೂರಿಸಿ ಗ್ಯಾಪ್ ನೋಡುವ ಪದ್ಧತಿ ಇದೆ. ಪೇಟೆಯ ಒಬ್ಬ ಹಿರಿಯ ಮೇಸ್ತ್ರಿಯವರನ್ನು ಈ ಬಗ್ಗೆ ಕೇಳಿದಾಗ, "ಬ್ಲೇಡಿನ ಬೆನ್ನು ಕಡೆಯಿಂದ ನೋಡ್ಬೇಕು ಸಾರ್, ಹಲ್ಲಿನ ಕಡೆಯಿಂದ ನೋಡಿದ್ರೆ ಕೆಟ್ಟಿತು" ಎಂದರು. ಅವರ ಮಾತಿನಲ್ಲಿ ಪೂರ್ಣ ತಥ್ಯವಿದೆ. ನನ್ನಲ್ಲಿದ್ದ ಬ್ಲೇಡಿನ ಬೆನ್ನನ್ನು ಮೈಕ್ರೋಮೀಟರಿನಲ್ಲಿ ಅಳೆದಾಗ 0.63 ಮಿ.ಮೀ. ಬಂತು. ಹಲ್ಲುಗಳು ಎಡಬಲಕ್ಕೆ ಬಾಗಿರುವುದರಿಂದ ಆ ಕಡೆ ದಪ್ಪ ಬಹಳ ಹೆಚ್ಚು. 12 ವೋಲ್ಟಿನ ಗಾಡಿಗೆ 0.63 ನಡೆದೀತು. ನನ್ನ 6 ವೋಲ್ಟಿನ ಗಾಡಿಗೆ ಅದೂ ಹೆಚ್ಚೇ ಎಂದು ಮುಂದಿನ ಪರೀಕ್ಷೆಗಳಲ್ಲಿ ಕಂಡಿತು. ಫೀಲರ್ ಗೇಜಿನ (ಗೊತ್ತಾದ ದಪ್ಪದ ಲೋಹದ ಎಲೆಗಳ ಅಳತೆ ಸಾಧನ) ಚಪ್ಪಟೆ ಎಲೆ ಹೊಸ ಪ್ಲಗ್ಗಿಗೆ ಸರಿ. ಆದರೆ ಓಡಿದ ಪ್ಲಗ್ಗಿನ ಪಟ್ಟಿಯಲ್ಲಿ ಗುಳಿ ಬಿದ್ದಿದ್ದರೆ ಎಲೆ ಗುಳಿಯ ಎರಡು ದಡಗಳ ಮೇಲೆ ಕೂತು ನಿಜವಾದ ಅಂತರಕ್ಕಿಂತ ಕಡಿಮೆ ತೋರಿಸುತ್ತದೆ. ಬಿಚ್ಚಿದ ಹಳೆಯ ಪ್ಲಗ್ಗನ್ನು ಎಲೆಯಲ್ಲಿ ಅಳೆದಾಗ 0.75 ಬಂದರೆ ದುಂಡುತಂತಿಯ ಗೇಜಿನಲ್ಲಿ 0.85 ದಾಟಿತ್ತು. ಏರಿನ ಮಿಸ್ಸಿಂಗಿಗೆ ಅಷ್ಟೇ ಕಾರಣ ಸಾಕು.

ಗ್ಯಾಪ್ ಕಡಿಮೆ ಮಾಡಲು ಪ್ಲಗ್ಗನ್ನು ನೆಟ್ಟಗೆ ಹಿಡಿದು ಬಾಗಿದ ಪಟ್ಟಿಯ ಬೆನ್ನನ್ನು ಮರದ ತುಂಡಿನ ಮೇಲೆ ಮೆಲ್ಲಗೆ ತಟ್ಟಬೇಕು; ಪ್ರತಿ ತಟ್ಟಿಗೂ ಅಳೆಯಬೇಕು. ಹೆಚ್ಚಿಸಲು ಗೇಜಿನ ಕೊಕ್ಕೆಯನ್ನು ಪಟ್ಟಿಯ ಅಂಚಿಗೆ ಮಾತ್ರ ಹಾಕಿ ಎತ್ತಬೇಕು. ಸ್ಕ್ರೂಡ್ರೈವರನ್ನು ನಡುವಿನ ಎಲೆಕ್ಟ್ರೋಡಿನ ಮೇಲೆ ಊರಿ ಮೀಟಿದರೆ ಕಣ್ಣಿಗೆ ಕಾಣದಂತೆ ಪಿಂಗಾಣಿ ಬಿರುಕು ಬಿಡುತ್ತದೆ, ಆ ಬಿರುಕಿನಲ್ಲಿ ಕರೆಂಟ್ ಸೋರಿಹೋಗುತ್ತದೆ. ಗೇಜಿನ ಎಲೆಯನ್ನು ಎಳೆದಾಗ ಎರಡೂ ಕಡೆ ಸವರಿಕೊಂಡು, ತಡವರಿಸದೆ ಬರುವಷ್ಟು ಬಿಗಿ ಇರಬೇಕು, 0.5ರ ಎಲೆ ಹೋಗಿ 0.55ರ ಎಲೆ ಹೋಗದಿದ್ದರೆ ಅಳತೆ ಸರಿ. ಪಟ್ಟಿಯ ಮುಖ ಎಲೆಕ್ಟ್ರೋಡಿನ ಮುಖಕ್ಕೆ ಸಮಾಂತರವಾಗಿದೆಯೇ ಎಂದು ಬದಿಯಿಂದ ಬೆಳಕಿಗೆ ಹಿಡಿದು ನೋಡಿದೆ, ಒಂದು ಕಡೆ ಓರೆಯಾಗಿದ್ದರೆ ಕಿಡಿ ಅಲ್ಲೇ ಬಿದ್ದು ಆ ಅಂಚೇ ಬೇಗ ಸವೆಯುತ್ತದೆ.

ಮೊದಲು 0.6 ಮಿ.ಮೀ. ಇಟ್ಟು ಓಡಿಸಿದೆ. ಪೇಟೆಯಲ್ಲಿ ಬಹಳ ನಯವಾಗಿತ್ತು, ಸೀತಾಳಯ್ಯನಗಿರಿಯ ಕಡೆಯ ಕಡಿದಾದ ತಿರುವುಗಳಲ್ಲಿ ಮೂರನೇ ಗೇರಿನಲ್ಲಿ ಎಳೆಯುವಾಗ ಆಗೊಮ್ಮೆ ಈಗೊಮ್ಮೆ ಕಿಡಿ ತಪ್ಪಿತು. 0.5ಕ್ಕೆ ಇಳಿಸಿದಾಗ ಅದೇ ಏರಿನಲ್ಲಿ ಒಂದೂ ತಪ್ಪಲಿಲ್ಲ. ಇನ್ನೂ ಇಳಿಸಿದರೆ ಏನಾಗುತ್ತದೆಂದು 0.4 ಇಟ್ಟು ನೋಡಿದೆ: ಸ್ಟಾರ್ಟ್ ಸುಲಭವಾಯಿತು, ಆದರೆ ಐಡ್ಲಿಂಗ್ ನಿಲ್ಲಲಿಲ್ಲ. ಟೂ ಸ್ಟ್ರೋಕ್ ಎಂಜಿನ್ ನಿಧಾನವಾಗಿ ಓಡುವಾಗ ಸಿಲಿಂಡರಿನೊಳಗೆ ಸುಟ್ಟ ಹೊಗೆಯೇ ಬಹಳ ಉಳಿದಿರುತ್ತದೆ, ಚಿಕ್ಕ ಕಿಡಿಯ ಶಾಖವನ್ನು ಎಲೆಕ್ಟ್ರೋಡುಗಳೇ ಹೀರಿಕೊಳ್ಳುತ್ತವೆ, ಬೆಂಕಿ ಹರಡುವ ಮೊದಲೇ ಆರುತ್ತದೆ. ಮೇಲಾಗಿ ಇಷ್ಟು ಕಿರಿದಾದ ಸಂದಿಯಲ್ಲಿ ಇಂಗಾಲದ ಒಂದು ಎಳೆ ಸಿಕ್ಕಿಕೊಂಡರೂ ಪ್ಲಗ್ ಶಾರ್ಟ್ ಆಗುತ್ತದೆ. 0.5 ನನ್ನ ಗಾಡಿಗೆ ಒಪ್ಪಿದ ಅಳತೆ.

ಈ ಅಳತೆಗೆ ಬೆಲೆ ಬರುವುದು ಪಾಯಿಂಟ್ ಸರಿಯಿದ್ದಾಗ ಮಾತ್ರ. ಬಲಬದಿಯ ಕವರ್ ಬಿಚ್ಚಿ, ಪಾಯಿಂಟಿನ ಮುಖಗಳನ್ನು ಸಣ್ಣ ಅರದಿಂದ ಸಮ ಮಾಡಿ, ಪೂರ್ತಿ ತೆರೆದಾಗ 0.4 ಮಿ.ಮೀ. ಬರುವಂತೆ ಕೂರಿಸಿದೆ. ತೆರೆಯುವಾಗ ಪಾಯಿಂಟಿನಲ್ಲಿ ನೀಲಿಬಿಳಿ ಕಿಡಿ ದೊಡ್ಡದಾಗಿ ಕಾಣುತ್ತಿದ್ದುದರಿಂದ, ಆ ಕಿಡಿಯನ್ನು ತಡೆಯಬೇಕಾದ ಕಂಡೆನ್ಸರ್ ಬದಲಾಯಿಸಿದೆ. ಕಾಯಿಲಿನ ಎರಡು ಸಣ್ಣ ತಂತಿಗಳು ಅದಲುಬದಲಾಗಿಲ್ಲ ಎಂಬುದನ್ನೂ ನೋಡಿಕೊಂಡೆ. ಬಿಸಿಯಾದ ನಡುವಿನ ಎಲೆಕ್ಟ್ರೋಡ್ ಋಣಧ್ರುವವಾಗಿದ್ದರೆ ಕಿಡಿ ಸುಲಭವಾಗಿ ಹಾರುತ್ತದೆ. ತಂತಿ ತಿರುವುಮುರುವಾದರೆ ಅದೇ ಗ್ಯಾಪಿಗೆ ಹೆಚ್ಚಿನ ವೋಲ್ಟೇಜ್ ಬೇಕಾಗುತ್ತದೆ, ದೋಷ ಮಾತ್ರ ಪ್ಲಗ್ಗಿನ ತಲೆಗೆ ಬರುತ್ತದೆ.

ಕೂರಿಸುವ ಮೊದಲು ಹೆಡ್ಡಿನ ರಂಧ್ರದ ಸುತ್ತ ಊದಿ ಸ್ವಚ್ಛ ಮಾಡಿ, ಪ್ಲಗ್ಗನ್ನು ಪಾನಾ ಇಲ್ಲದೆ ಬೆರಳಿನಲ್ಲೇ ವಾಷರ್ ತಾಗುವವರೆಗೆ ತಿರುಗಿಸಿದೆ. ಅಲ್ಯೂಮಿನಿಯಂ ಥ್ರೆಡ್ಡಿನಲ್ಲಿ ಬೆರಳಿಗೆ ತಿರುಗದ್ದನ್ನು ಪಾನಾಕ್ಕೆ ತಿರುಗಿಸಬಾರದು. ಹೊಸ ಪ್ಲಗ್ ಆದರೆ ಅಲ್ಲಿಂದ ಅರ್ಧ ಸುತ್ತು ಬಿಗಿದರೆ ವಾಷರ್ ಅಮುಕಿಕೊಳ್ಳುತ್ತದೆ, ಒಮ್ಮೆ ಹಾಕಿ ತೆಗೆದ ಪ್ಲಗ್ಗಿಗೆ ಹನ್ನೆರಡನೇ ಒಂದು ಸುತ್ತು ಸಾಕು. ಟಾರ್ಕ್ ರೆಂಚ್ ಇರುವವರು 25ರಿಂದ 30 ನ್ಯೂಟನ್ ಮೀಟರ್ ಇಡಬಹುದು. ನನ್ನ ಕ್ಯಾಪಿನ ಒಳಗಿನ ಹಿಡಿತ ಪ್ಲಗ್ಗಿನ ತಲೆಯ ಬರಿಯ ಥ್ರೆಡ್ಡಿಗೆ ಕೂರುವಂಥದ್ದಾದ್ದರಿಂದ ಮೇಲಿನ ಚಿಕ್ಕ ನಟ್ಟನ್ನು ತಿರುಗಿಸಿ ತೆಗೆದೆ. ಮಳೆಗಾಲದಲ್ಲಿ ಕ್ಯಾಪಿನ ರಬ್ಬರ್ ಸಡಿಲಾಗಿದ್ದರೆ ಪಿಂಗಾಣಿಯ ಹೊರಮೈ ಮೇಲೆಯೇ ಕರೆಂಟ್ ಹರಿಯುತ್ತದೆ, ಹಾಗಾಗಿ ರಬ್ಬರನ್ನೂ ಹೊಸದು ಹಾಕಿದೆ.

ಮುಂದೆ ಪ್ಲಗ್ ಸ್ವಚ್ಛ ಮಾಡುವಾಗ ತಂತಿ ಬ್ರಷ್ ಬಳಸುವುದಿಲ್ಲ. ಅದರ ಲೋಹದ ಗೀರು ಪಿಂಗಾಣಿಯ ಮೇಲೆ ಉಳಿದು ಕರೆಂಟಿಗೆ ದಾರಿಯಾಗುತ್ತದೆ. ಮರಳು ಊದಿಸಿ ಸ್ವಚ್ಛ ಮಾಡಿದ ಪ್ಲಗ್ಗನ್ನೂ ಈ ಎಂಜಿನ್ನಿಗೆ ಹಾಕುವುದಿಲ್ಲ, ಒಳಗೆ ಸಿಕ್ಕಿಕೊಂಡ ಒಂದು ಕಣ ಸಿಲಿಂಡರಿನ ಗೋಡೆ ಗೀರಲು ಸಾಕು. ಪೆಟ್ರೋಲಿನಲ್ಲಿ ನೆನೆಸಿ, ಹಲ್ಲುಜ್ಜುವ ಹಳೆಯ ಬ್ರಷ್ಷಿನಲ್ಲಿ ಉಜ್ಜಿ, ಎಲೆಕ್ಟ್ರೋಡಿನ ದುಂಡಾದ ನೆತ್ತಿಯನ್ನು ಚಪ್ಪಟೆ ಅರದಿಂದ ಒಂದೆರಡು ಎಳೆತದಲ್ಲಿ ಸಮ ಮಾಡಿ ಅಂಚುಗಳನ್ನು ಚೂಪಾಗಿಸುತ್ತೇನೆ, ಏಕೆಂದರೆ ಚೂಪಾದ ಅಂಚಿನಿಂದ ಕಿಡಿ ಕಡಿಮೆ ವೋಲ್ಟೇಜಿಗೆ ಹಾರುತ್ತದೆ. ಟೂ ಸ್ಟ್ರೋಕಿನಲ್ಲಿ ಪ್ರತಿ ಸುತ್ತಿಗೂ ಕಿಡಿ ಬೀಳುವುದರಿಂದ ಸವೆತ ಬೇಗ, ಆದ್ದರಿಂದ ಸಾವಿರ ಕಿಲೋಮೀಟರಿಗೊಮ್ಮೆ ದುಂಡುತಂತಿಯ ಗೇಜಿನಲ್ಲಿ ಅಳೆಯುವುದೆಂದು ನಿಶ್ಚಯಿಸಿದ್ದೇನೆ. ಗ್ಯಾಪ್ 0.6 ಮುಟ್ಟಿದ್ದರೆ ಮತ್ತೆ 0.5ಕ್ಕೆ ತರುವುದು, ಎಲೆಕ್ಟ್ರೋಡಿನ ನೆತ್ತಿ ಪಿಂಗಾಣಿಯ ಮಟ್ಟಕ್ಕೆ ಇಳಿದಿದ್ದರೆ ಪ್ಲಗ್ಗನ್ನೇ ಬದಲಾಯಿಸುವುದು. ಟೂಲ್ ಬಾಕ್ಸಿನಲ್ಲಿ ಇನ್ನೊಂದು ಬಿ7ಎಚ್‌ಎಸ್ ಇಟ್ಟಿದ್ದೇನೆ. ಅದರ ಗ್ಯಾಪನ್ನು ಈಗಲೇ 0.5ಕ್ಕೆ ತಂದು, ಪಟ್ಟಿ ಬಾಗದಂತೆ ತುದಿಗೆ ಸೈಕಲ್ ಟ್ಯೂಬಿನ ತುಂಡು ತೊಡಿಸಿ, 21 ಮಿ.ಮೀ. ಪ್ಲಗ್ ಪಾನಾದ ಒಳಗೇ ಸೇರಿಸಿದ್ದೇನೆ.